ಪ್ಯಾಡ್ ಖಿಂಗ್: ಎಳೆ ಶುಂಠಿಯೋ ಬಲಿತದ್ದೋ, ಸೋಯಾಕಾಳೋ ಆಯ್ಸ್ಟರ್ ಸಾಸೋ?

ಬ್ಯಾಂಕಾಕ್‌ಗೆ ಬಂದ ಹೊಸದರಲ್ಲಿ ಮಧ್ಯಾಹ್ನದ ಊಟಕ್ಕೆ ಆಫೀಸಿನ ಪಕ್ಕದ ಅನ್ನದಂಗಡಿಗೆ ಹೋಗುತ್ತಿದ್ದೆ. ಗಾಜಿನ ಹಿಂದೆ ಹತ್ತು ಹದಿನೈದು ಟ್ರೇಗಳು. ಬೆರಳು ತೋರಿಸಿದರೆ ಸಾಕು, ಬಿಸಿ ಅನ್ನದ ಮೇಲೆ ಸುರಿದು ಕೊಡುತ್ತಾರೆ. ಒಂದು ದಿನ ಕೋಳಿಯ ಜೊತೆ ತಿಳಿಹಳದಿ ಕಡ್ಡಿಗಳು ರಾಶಿ ಬಿದ್ದಿದ್ದ ಟ್ರೇ ಕಂಡಿತು. ಕಳಲೆ ಅಂದುಕೊಂಡು ಹಾಕಿಸಿಕೊಂಡೆ. ಬಾಯಿಗಿಟ್ಟರೆ ಅಷ್ಟೂ ಶುಂಠಿ!

ಅದೇ ಕಾಯ್ ಪ್ಯಾಡ್ ಖಿಂಗ್. ಕಾಯ್ ಅಂದರೆ ಕೋಳಿ, ಪ್ಯಾಡ್ ಅಂದರೆ ಬಾಣಲೆಯಲ್ಲಿ ಹುರಿದದ್ದು, ಖಿಂಗ್ ಅಂದರೆ ಶುಂಠಿ. ನಾವು ಶುಂಠಿಯನ್ನು ಜಜ್ಜಿ ಹಾಕುವವರು. ಊಟದ ನಡುವೆ ಚೂರು ಸಿಕ್ಕರೆ ತಟ್ಟೆಯ ಅಂಚಿಗೆ ಸರಿಸುವವರು. ಇಲ್ಲಿ ಅದು ಒಗ್ಗರಣೆಯ ಸಾಮಾನಲ್ಲ, ತರಕಾರಿ. ಇದು ನನಗೆ ತಲೆಗೆ ಹತ್ತಲು ಸುಮಾರು ದಿನ ಬೇಕಾಯಿತು. ಹತ್ತಿದ ಮೇಲೆ ಮನೆಯಲ್ಲಿ ಬೇರೆ ಬೇರೆ ಥರ ಮಾಡಿ ಪಕ್ಕಪಕ್ಕ ಇಟ್ಟು ತಿಂದು ನೋಡಿದೆ.

ಮೊದಲ ಪರೀಕ್ಷೆ ಶುಂಠಿಯದ್ದೇ. ಖ್ಲೋಂಗ್ ತೋಯ್ ಮಾರ್ಕೆಟ್‌ನಲ್ಲಿ ಎರಡೂ ಸಿಗುತ್ತವೆ. ಖಿಂಗ್ ಓನ್ ಎಂದರೆ ಎಳೆಯದು, ಖಿಂಗ್ ಕೇ ಎಂದರೆ ಬಲಿತದ್ದು. ಎಳೆ ಶುಂಠಿಯನ್ನು ಕೈಯಲ್ಲಿ ಹಿಡಿದು ನೋಡಬೇಕು. ಮೈಯೆಲ್ಲ ಕೆನೆ ಬಣ್ಣ, ಕಾಂಡ ಹೊರಟ ಕಡೆ ನಸುಗೆಂಪು. ಸಿಪ್ಪೆ ಎಷ್ಟು ತೆಳುವೆಂದರೆ ಉಗುರಿನಿಂದ ಉಜ್ಜಿದರೇ ಬರುತ್ತದೆ. ಚಾಕು ಇಟ್ಟರೆ ಸೌತೆಕಾಯಿ ಹೆಚ್ಚಿದ ಹಾಗೆ ಕರಕ್ ಎನ್ನುತ್ತದೆ, ನೀರು ಜಿನುಗುತ್ತದೆ. ಬಲಿತದ್ದು ನಮಗೆಲ್ಲ ಗೊತ್ತಿರುವುದೇ: ಕಂದು ಸಿಪ್ಪೆ, ಒಳಗೆ ನಾರು, ಘಾಟು. ನಾನು ಹಾಸನದ ಕಡೆಯವಳು. ಸುತ್ತಮುತ್ತ ಎಷ್ಟೊಂದು ಶುಂಠಿ ಹೊಲ ನೋಡಿ ಬೆಳೆದಿದ್ದೇನೆ. ಆದರೆ ನಮ್ಮ ಅಡುಗೆಮನೆಗೆ ಬರುತ್ತಿದ್ದದ್ದು ಬಲಿತದ್ದು ಮಾತ್ರ. ಎಳೆಯದನ್ನು ಇಷ್ಟು ಹತ್ತಿರದಿಂದ ನೋಡಿದ್ದು ಇಲ್ಲೇ.

ಎರಡನ್ನೂ 80 ಗ್ರಾಂನಂತೆ ತೂಗಿ, ಬೆಂಕಿಕಡ್ಡಿಯಷ್ಟು ಸಣ್ಣಗೆ ಹೆಚ್ಚಿದೆ. ಕೋಳಿ ತೊಡೆಯ ಮಾಂಸ 250 ಗ್ರಾಂ, ಉಳಿದದ್ದೆಲ್ಲ ಒಂದೇ ಅಳತೆ. ಎಳೆ ಶುಂಠಿಯ ತಟ್ಟೆ ಮೊದಲ ತುತ್ತಿಗೇ ಗೆದ್ದಿತು. ಕಡ್ಡಿಗಳು ಹಲ್ಲಿಗೆ ಗರಿಗರಿ ಸಿಗುತ್ತವೆ, ಖಾರ ಮೆಲ್ಲಗೆ ಬಂದು ಗಂಟಲಲ್ಲಿ ಬೆಚ್ಚಗೆ ನಿಲ್ಲುತ್ತದೆ. ಬಲಿತ ಶುಂಠಿಯದ್ದು ನಾಲ್ಕನೇ ತುತ್ತಿಗೆ ನಾಲಿಗೆ ಉರಿಸಿತು. ನಾರನ್ನು ಅಗಿದು ಅಗಿದು ಕೊನೆಗೆ ಉಗಿಯಬೇಕಾಯಿತು.

ಅಂಗಡಿಯ ಪಾಗೆ ಇದನ್ನು ಹೇಳಿದೆ. ಪಾ ಅಂದರೆ ಇಲ್ಲಿ ಅಪ್ಪನ ಅಥವಾ ಅಮ್ಮನ ಅಕ್ಕ. ವಯಸ್ಸಾದ ಹೆಂಗಸರನ್ನೆಲ್ಲ ಹಾಗೇ ಕರೆಯುತ್ತಾರೆ. ನಾವು ದೊಡ್ಡಮ್ಮ ಅನ್ನುತ್ತೇವಲ್ವಾ, ಹಾಗೆ. ಅವರು ಕೈಯಲ್ಲೇ ಮಾಡಿ ತೋರಿಸಿದರು: ಹೆಚ್ಚಿದ ಬಲಿತ ಶುಂಠಿಗೆ ಉಪ್ಪು ಹಾಕಿ ಹಿಸುಕು, ನೀರಲ್ಲಿ ತೊಳೆ, ಹಿಂಡು. ಹಾಗಲಕಾಯಿಗೆ ನಾವು ಮಾಡುವುದೂ ಇದೇ ಕೆಲಸ. ಮಾಡಿದೆ. ಘಾಟು ಅರ್ಧಕ್ಕರ್ಧ ಇಳಿಯಿತು, ತಿನ್ನುವಂತಾಯಿತು. ನಾರು ಮಾತ್ರ ಎಲ್ಲಿಗೂ ಹೋಗಲಿಲ್ಲ. ಊರಿನಲ್ಲಿ ಮಾಡುವವರು ಹೀಗೆ ತೊಳೆದು, 80ರ ಬದಲು 50 ಗ್ರಾಂ ಹಾಕಿ. ಗಂಟಿನ ತುದಿಯಲ್ಲಿರುವ ಎಳೆ ಬೆರಳುಗಳನ್ನೇ ಮುರಿದುಕೊಳ್ಳಿ. ಥಾಯ್ ಅಡುಗೆಯದ್ದೇ ಅಲ್ವಾ ಅಂತ ಗಲಾಂಗಲ್ ಹಾಕಲು ಹೋಗಬೇಡಿ. ಅದು ಶುಂಠಿಯಂಥದ್ದೇ ಇನ್ನೊಂದು ಗೆಡ್ಡೆ, ಇಲ್ಲಿನ ಹೆಸರು ಖಾ. ಸಾರಿನಲ್ಲಿ ಕುದಿಸಿ ಪರಿಮಳ ತೆಗೆಯಲು ಸರಿ, ಅಗಿಯಲು ಕಟ್ಟಿಗೆ.

ಎರಡನೆಯದು ಸಾಸಿನ ಜಗಳ. ಇಲ್ಲಿನ ಅಂಗಡಿಗಳಲ್ಲಿ ಎರಡು ಪಂಗಡ. ಕೆಲವರದ್ದು ಸಮುದ್ರದ ಸಿಂಪಿಯ ಸಾರದಿಂದ ಮಾಡುವ ಆಯ್ಸ್ಟರ್ ಸಾಸ್, ಕೆಲವರದ್ದು ತಾವ್‌ಚಿಯಾವ್. ಎರಡನ್ನೂ ಸೇರಿಸುವವರೂ ಇದ್ದಾರೆ. ತಾವ್‌ಚಿಯಾವ್ ಅಂದರೆ ಉಪ್ಪುನೀರಲ್ಲಿ ಹುದುಗಿಸಿದ ಸೋಯಾಕಾಳು. ಬಾಟಲಿಯಲ್ಲಿ ಕಾಳುಗಳು ಇಡಿಯಾಗಿ ಕಾಣುತ್ತವೆ. ಬಾಣಲೆ, ಸೋಯಾ, ಜೋರು ಉರಿ, ಇವೆಲ್ಲ ಚೀನಾದಿಂದ ಬಂದು ಇಲ್ಲಿ ನೆಲೆಸಿದವರ ಜೊತೆ ಬಂದದ್ದು. ಪ್ಯಾಡ್ ಖಿಂಗ್‌ನಲ್ಲಿ ಆ ನಂಟು ಎದ್ದು ಕಾಣುತ್ತದೆ.

ಆಯ್ಸ್ಟರ್ ಸಾಸ್ ಹಾಕಿದ್ದು ನೋಡಲು ಚೆಂದ. ಹೊಳಪು, ಗಟ್ಟಿ ರಸ, ಸಿಹಿ. ಮಕ್ಕಳು ಇದನ್ನೇ ಕೇಳುತ್ತಾರೆ. ಆದರೆ ಆ ಸಿಹಿ ಶುಂಠಿಯ ಮೇಲೆ ಕಂಬಳಿ ಹೊದಿಸಿಬಿಡುತ್ತದೆ. ತಾವ್‌ಚಿಯಾವ್‌ನದ್ದು ಮಂಕು ಬಣ್ಣ, ನೀರು ನೀರು ರಸ. ಅನ್ನಕ್ಕೆ ಕಲಸಿದಾಗ ಗೊತ್ತಾಗುತ್ತದೆ ಅದರ ಶಕ್ತಿ. ಉಪ್ಪಿನ ಜೊತೆ ಒಂದು ಹಳೆಯ ರುಚಿ ಇದೆ, ವರ್ಷ ಕಳೆದ ಉಪ್ಪಿನಕಾಯಿಯ ರಸಕ್ಕಿರುತ್ತದಲ್ಲ, ಆ ಜಾತಿಯದ್ದು. ನಡುವೆ ಒಂದೊಂದು ಕಾಳು ಹಲ್ಲಿಗೆ ಸಿಕ್ಕಿ ಒಡೆಯುತ್ತದೆ. ಶುಂಠಿ ಶುಂಠಿಯಾಗಿಯೇ ಉಳಿಯುತ್ತದೆ. ನನ್ನ ಓಟು ಇದಕ್ಕೇ, ಅನುಮಾನವೇ ಇಲ್ಲ. 250 ಗ್ರಾಂ ಕೋಳಿಗೆ ಒಂದು ದೊಡ್ಡ ಚಮಚ ಸಾಕು. ಇದನ್ನು ಹಾಕಿದರೆ ಮೀನಿನ ಸಾಸನ್ನು ಅರ್ಧ ಚಮಚಕ್ಕೆ ಇಳಿಸಿ. ಮೊದಲ ಸಲ ನಾನು ಎರಡನ್ನೂ ಪೂರ್ತಿ ಹಾಕಿ, ಉಪ್ಪಿನಿಂದ ಬಾಯಿಗಿಡಲು ಆಗಲಿಲ್ಲ.

ಕಪ್ಪು ಅಣಬೆ ಬಿಡಬೇಡಿ. ಥಾಯ್ ಭಾಷೆಯಲ್ಲಿ ಅದರ ಹೆಸರೇ ಇಲಿಕಿವಿ ಅಣಬೆ. ಒಣಗಿದ್ದನ್ನು ಅರ್ಧ ಗಂಟೆ ನೆನೆಸಿದರೆ ಉಬ್ಬಿಕೊಳ್ಳುತ್ತದೆ. ಅದಕ್ಕೆ ತನ್ನದೇ ರುಚಿ ಅಷ್ಟಾಗಿ ಇಲ್ಲ, ಆದರೆ ಆ ಕುರುಕು ಬೇಕು. ಬಟನ್ ಅಣಬೆ ಹಾಕಿ ನೋಡಿದೆ, ನೀರು ಬಿಟ್ಟು ಎಲ್ಲ ಮೆತ್ತಗಾಯಿತು.

ಒಲೆಯ ವಿಷಯ ಒಂದೇ ಮಾತು. ನಮ್ಮ ಕಾಂಡೋದಲ್ಲಿ ಗ್ಯಾಸ್ ಸಿಲಿಂಡರ್ ಇಡಲು ಬಿಡುವುದಿಲ್ಲ, ಕರೆಂಟ್ ಒಲೆ. ಅಂಗಡಿಯ ಉರಿ ಅದರಲ್ಲಿ ಬರುವುದಿಲ್ಲ. ಒಂದು ಸಲಕ್ಕೆ ಒಬ್ಬರಿಗಾಗುವಷ್ಟು ಮಾತ್ರ ಹಾಕಿ ಹುರಿದರೆ ಸರಿಹೋಗುತ್ತದೆ.

ಇನ್ನು ಕೋಳಿಯೋ, ಸೋಯಾ ಹಾಲಿನ ಪನೀರಿನಂಥ ತೋಫುವೋ? ಈ ಪ್ರಶ್ನೆ ಬಂದದ್ದು ಅಮ್ಮ ಇಲ್ಲಿಗೆ ಬಂದಾಗ. ಅವರು ಮಾಂಸ ಮುಟ್ಟುವುದಿಲ್ಲ, ಅವತ್ತು ಶನಿವಾರ ಬೇರೆ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಅದೃಷ್ಟಕ್ಕೆ ಅದು ಜೇ ಹಬ್ಬದ ಸಮಯ. ಚೀನೀ ಪಂಚಾಂಗದ ಒಂಬತ್ತನೇ ತಿಂಗಳಲ್ಲಿ ಒಂಬತ್ತು ದಿನ ಇಲ್ಲಿ ಎಷ್ಟೋ ಜನ ಮಾಂಸ ಬಿಡುತ್ತಾರೆ, ಈರುಳ್ಳಿ ಬೆಳ್ಳುಳ್ಳಿಯನ್ನೂ ಬಿಡುತ್ತಾರೆ. ಅಂಗಡಿ ಮುಂದೆಲ್ಲ ಹಳದಿ ಬಾವುಟ, ಮೇಲೆ ಕೆಂಪು ಅಕ್ಷರ. ಶುಂಠಿಗೆ ಮಾತ್ರ ಆ ವ್ರತದಲ್ಲೂ ಅಡ್ಡಿಯಿಲ್ಲ.

ಪಾ ತೋಫುವನ್ನು ಮೊದಲು ಹೊಂಬಣ್ಣಕ್ಕೆ ಕರಿದು, ತಾವ್‌ಚಿಯಾವ್, ಇಲಿಕಿವಿ ಅಣಬೆ, ಕೆಂಪು ಮೆಣಸಿನಕಾಯಿ ಸೀಳು, ರಾಶಿ ಶುಂಠಿ ಹಾಕಿ ಎರಡೇ ನಿಮಿಷದಲ್ಲಿ ಹುರಿದುಕೊಟ್ಟರು. ಮೀನಿನ ಸಾಸ್ ಬದಲು ತಿಳಿ ಸೋಯಾ ಸಾಸ್. ನಿಜ ಹೇಳಬೇಕೆಂದರೆ ನನ್ನ ಕೋಳಿ ತಟ್ಟೆಗಿಂತ ಅದೇ ಚೆನ್ನಾಗಿತ್ತು. ಕೋಳಿಯ ರಸ ಕೋಳಿಯಲ್ಲೇ ಉಳಿಯುತ್ತದೆ, ಕರಿದ ತೋಫು ಶುಂಠಿಯ ರಸವನ್ನೆಲ್ಲ ಕುಡಿದುಬಿಡುತ್ತದೆ. ಅಮ್ಮ ಮೊದಲ ತುತ್ತು ತಿಂದು, ಒಂದು ಕಡ್ಡಿಯನ್ನು ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದು ನೋಡಿದರು. "ಇದು ಶುಂಠಿನೇನೇ?" ಅಂದರು. ಹೂಂ ಅಂದೆ. ತಟ್ಟೆಯ ಅಂಚಿಗೆ ಅವರು ಏನನ್ನೂ ಸರಿಸಲಿಲ್ಲ.