ಪುದೀನಕ್ಕೆ ಕುಡಿಕೆ, ಕರಿಬೇವಿಗೆ ಚೊಂಬು

ಚಿತ್ರದುರ್ಗದಲ್ಲಿ ಕುಂಡದ ಮಣ್ಣು ಒಣಗಿಸೋದು ಬಿಸಿಲೊಂದೇ ಅಲ್ಲ, ಗಾಳಿ ಕೂಡ. ಊರ ಸುತ್ತಲಿನ ಗುಡ್ಡಗಳ ಮೇಲೆ ತಿರುಗುವ ಗಾಳಿಯಂತ್ರ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆಷಾಢದಲ್ಲಿ ಮೋಡ ಕವಿದಿದ್ದರೂ ಮಳೆ ಬರೋದು ಕಡಿಮೆ, ಗಾಳಿ ಮಾತ್ರ ಬಿಡುವುದಿಲ್ಲ. ಬೆಳಿಗ್ಗೆ ನೀರು ಕುಡಿದ ಪುದೀನ ಸಂಜೆಗೆ ಜೋತು ಬಿದ್ದಿರುತ್ತದೆ. ಹಾಗಾಗಿ ತಾರಸಿಯಲ್ಲಿ ಬೇರೆ ಬೇರೆ ಕುಂಡಗಳಿಗೆ ಬೇರೆ ಬೇರೆ ಥರ ನೀರು ಕೊಟ್ಟು ನೋಡಿದೆ.

ಪುದೀನಕ್ಕೆ ನನ್ನ ಮತ ಹೂತಿಟ್ಟ ಕುಡಿಕೆಗೇ. ಬಣ್ಣ ಬಳಿಯದ ಸಣ್ಣ ಮಣ್ಣಿನ ಕುಡಿಕೆಯನ್ನು ಅಗಲ ಕುಂಡದ ನಡುವೆ ಕತ್ತಿನವರೆಗೆ ಹೂಳಬೇಕು. ನೀರು ತುಂಬಿ ಮೇಲೆ ಮುಚ್ಚಳ ಇಟ್ಟರೆ ಆಯ್ತು. ಸುತ್ತಲಿನ ಮಣ್ಣು ಒಣಗಿದಾಗ ಕುಡಿಕೆಯಿಂದ ನೀರು ಜಿನುಗುತ್ತದೆ, ಹಸಿ ಇದ್ದಾಗ ಹೆಚ್ಚುಕಡಿಮೆ ನಿಂತೇ ಬಿಡುತ್ತದೆ. ನೀರು ಒಳಗಿಂದಲೇ ಬರುವುದರಿಂದ ಮೇಲ್ಮಣ್ಣನ್ನು ಗಾಳಿ ಒಣಗಿಸಿದರೂ ಬೇರು ತಂಪಾಗಿರುತ್ತದೆ. ಸ್ವಲ್ಪ ದಿನ ಬಿಟ್ಟು ಮಣ್ಣು ಕೆದಕಿದರೆ ಬಿಳಿ ಬೇರುಗಳು ಕುಡಿಕೆಯ ಮೈಗೆ ಬಲೆಯಂತೆ ಅಂಟಿಕೊಂಡಿರುವುದು ಕಾಣುತ್ತದೆ. ಒಂದು ತೊಂದರೆ ಅಂದರೆ ಬೋರ್‌ವೆಲ್ ನೀರು. ಅದರ ಸುಣ್ಣ ಕೂತು ಕುಡಿಕೆಯ ರಂಧ್ರ ಮುಚ್ಚುತ್ತದೆ. ಆಗ ತೆಗೆದು ನಿಂಬೆರಸ ಹಾಕಿ, ತೆಂಗಿನ ನಾರಿನಿಂದ ಉಜ್ಜಬೇಕು. ನಲ್ಲಿ ನೀರು ಬಂದ ದಿನ ಅದನ್ನೇ ಹಿಡಿದಿಟ್ಟು ತುಂಬುವುದು ಒಳ್ಳೆಯದು.

ಕುಂಡದ ಕೆಳಗೆ ತಟ್ಟೆ ಇಟ್ಟು ನೀರು ನಿಲ್ಲಿಸುವ ಪದ್ಧತಿ ಸುಲಭ, ಆದರೆ ನನಗೆ ಹಿಡಿಸಲಿಲ್ಲ. ನೀರು ಕೆಳಗಿಂದ ಏರಿ ಮೇಲೆ ಆವಿಯಾದಾಗ ಉಪ್ಪು ಅಲ್ಲೇ ಉಳಿಯುತ್ತದೆ. ಮಣ್ಣಿನ ಮೇಲೆ ಬಿಳಿ ಪೊರೆ ಕಂಡರೆ ಮೇಲಿಂದ ಧಾರಾಳವಾಗಿ ನೀರು ಸುರಿದು ತಳದಿಂದ ಹರಿದುಹೋಗಲು ಬಿಡಬೇಕು. ಇದರ ಜೊತೆ ಸೊಳ್ಳೆ ಕಾಟ ಬೇರೆ!

ಕರಿಬೇವಿಗಂತೂ ತಟ್ಟೆ ಬೇಡವೇ ಬೇಡ. ಸದಾ ಒದ್ದೆ ಇದ್ದರೆ ಅದರ ಬೇರು ಕೊಳೆಯುತ್ತದೆ. ಬೆರಳ ಮೊದಲ ಗೆಣ್ಣಿನವರೆಗೆ ಮಣ್ಣು ಒಣಗಿದೆಯಾ ನೋಡಿ, ಆಮೇಲೆ ಚೊಂಬಿನಿಂದ ತಳದವರೆಗೂ ಇಳಿಯುವಂತೆ ಹಾಕಿ. ಹೊಸ ಚಿಗುರು ಹಳದಿಯಾಗಿ ನರ ಮಾತ್ರ ಹಸಿರಾಗಿದ್ದರೆ ಅದು ಸಾಮಾನ್ಯವಾಗಿ ಕಬ್ಬಿಣದ ಕೊರತೆ. ಗಡಸು ನೀರಿಂದ ಮಣ್ಣಲ್ಲಿ ಸುಣ್ಣ ಜಾಸ್ತಿಯಾದಾಗ, ಕಬ್ಬಿಣ ಇದ್ದರೂ ಗಿಡಕ್ಕೆ ದಕ್ಕುವುದಿಲ್ಲ. ಸುಮ್ನೆ ಗೊಬ್ಬರ ಸುರಿದರೆ ಇದು ಹೋಗಲ್ಲ. ಮಳೆನೀರು ಹಿಡಿದಿಟ್ಟಿದ್ದರೆ ಮೊದಲ ಪಾಲು ಕರಿಬೇವಿಗೇ ಕೊಡಿ.

ಬಕೆಟ್‌ನಿಂದ ಕುಂಡಕ್ಕೆ ಹತ್ತಿ ಬಟ್ಟೆಯ ಬತ್ತಿ ಎಳೆಯುವ ಉಪಾಯ ಊರಿಗೆ ಹೋಗುವಾಗ ಸಾಕು. ಹಳೇ ಪಂಚೆಯ ಪಟ್ಟಿಯೇ ನಡೆಯುತ್ತದೆ. ಬಕೆಟ್ ಕುಂಡಕ್ಕಿಂತ ಎತ್ತರದಲ್ಲಿದ್ದರೆ ನೀರು ಚೆನ್ನಾಗಿ ಬರುತ್ತದೆ. ದಿನಬಳಕೆಗೆ ಮಾತ್ರ ಬೇಡ, ಬಟ್ಟೆ ಪಾಚಿ ಹಿಡಿದು ಕೊಳೆಯುತ್ತದೆ. ದೊಡ್ಡಪತ್ರೆಗೆ ಇದ್ಯಾವುದೂ ಬೇಕಿಲ್ಲ. ಅದರ ದಪ್ಪ ಎಲೆಯಲ್ಲೇ ನೀರಿರುತ್ತದೆ, ನೀರು ಹಾಕಲು ಮರೆತರೂ ಬದುಕುತ್ತದೆ.

ಯಾವ ಪದ್ಧತಿ ಹಿಡಿದರೂ ಮಣ್ಣಿನ ಮೇಲೆ ಹೊದಿಕೆ ಇರಲೇಬೇಕು. ಚಳ್ಳಕೆರೆ ಕಡೆಯ ಶೇಂಗಾ ಸಿಪ್ಪೆ ಇಲ್ಲಿ ಸಿಗುವುದು ಸುಲಭ, ಎರಡು ಬೆರಳು ದಪ್ಪ ಹರಡಿ. ಕಾಂಡಕ್ಕೆ ತಾಗದ ಹಾಗೆ ಸ್ವಲ್ಪ ಜಾಗ ಬಿಡಿ, ಮತ್ತೆ ಇರುವೆ ಬಂದಿದೆಯಾ ಆಗಾಗ ನೋಡ್ತಾ ಇರಿ.