ಹಳೇ ಕಾರಿನ ಇನ್‌ಟೇಕ್ ಮಸಿಗೆ ಬಾಟಲಿ, ಸ್ಪ್ರೇ, ಬ್ರಷ್: ಬಳಸಿ ನೋಡಿದ ಹೋಲಿಕೆ

ಹಳೇ ಪೆಟ್ರೋಲ್ ಕಾರಿನ ಐಡ್ಲಿಂಗ್, ಅಂದರೆ ಆಕ್ಸಿಲರೇಟರ್ ಒತ್ತದಿದ್ದಾಗಿನ ಇಂಜಿನ್ ಓಟ, ನಡುಗುತ್ತಿದೆ. ಆಕ್ಸಿಲರೇಟರ್ ಮೇಲಿಂದ ಕಾಲು ತೆಗೆದ ಕೂಡಲೇ ಇಂಜಿನ್ ಬಂದ್ ಆಗುತ್ತಿದೆ. ಒತ್ತಿದರೆ ಒಂದು ಗಳಿಗೆ ತಡವರಿಸಿ ಆಮೇಲೆ ಎಳೆಯುತ್ತದೆ. ಇಷ್ಟು ಹೇಳಿದರೆ ಸಾಕು, ಯಾರಾದರೂ "ಇನ್‌ಟೇಕ್ ಕ್ಲೀನ್ ಮಾಡು" ಅನ್ನುತ್ತಾರೆ. ಸಲಹೆ ಸರಿಯಾಗಿಯೇ ಇದೆ. ಆದರೆ ಇನ್‌ಟೇಕ್ ಅಂದರೆ ಗಾಳಿ ಇಂಜಿನ್ ಸೇರುವ ಇಡೀ ದಾರಿ. ಏರ್ ಫಿಲ್ಟರ್, ಗಾಳಿ ಅಳೆಯುವ ಮಾಫ್ ಸೆನ್ಸರ್, ತಿರುಗುವ ಪ್ಲೇಟಿನಿಂದ ಗಾಳಿಯನ್ನು ತೆರೆದು ಮುಚ್ಚುವ ಥ್ರಾಟಲ್ ಬಾಡಿ, ಗಾಳಿಯನ್ನು ಸಿಲಿಂಡರುಗಳಿಗೆ ಹಂಚುವ ಮ್ಯಾನಿಫೋಲ್ಡ್, ಕೊನೆಗೆ ಸಿಲಿಂಡರಿನ ಬಾಗಿಲಾದ ವಾಲ್ವ್. ಮಸಿ ಎಲ್ಲಿ ಕೂತಿದೆ ಅಂತ ನೋಡದೆ ಮದ್ದು ಕೊಂಡರೆ ದುಡ್ಡು ಸುಮ್ನೆ ಹೋಗುತ್ತದೆ.

ನಾನು ನಾಲ್ಕು ದಾರಿ ಬಳಸಿ ನೋಡಿದ್ದೇನೆ: ಟ್ಯಾಂಕಿಗೆ ಸುರಿಯುವ ಬಾಟಲಿ, ಓಡುವ ಇಂಜಿನ್ನಿಗೆ ಹೊಡೆಯುವ ಸ್ಪ್ರೇ, ಥ್ರಾಟಲ್ ಬಾಡಿ ಬಿಚ್ಚಿ ಕೈಯಲ್ಲಿ ಒರೆಸುವುದು, ಮ್ಯಾನಿಫೋಲ್ಡ್ ಇಳಿಸಿ ವಾಲ್ವ್ ಕೆರೆಯುವುದು. ಗಾಡಿಗಳು ಎರಡು. ನನ್ನದು ಹಳೇ ಮಾದರಿ. ಇದರಲ್ಲಿ ಇಂಜೆಕ್ಟರ್ ಪೆಟ್ರೋಲನ್ನು ವಾಲ್ವಿನ ಹಿಂದೆ, ಪೋರ್ಟಿನಲ್ಲೇ (ವಾಲ್ವಿಗೆ ಹೋಗುವ ಗಾಳಿ ದಾರಿಯಲ್ಲೇ) ಸಿಂಪಡಿಸುತ್ತದೆ. ತಮ್ಮನದು ಟರ್ಬೊ ಇರುವ ಡೈರೆಕ್ಟ್ ಇಂಜೆಕ್ಷನ್. ಅದರಲ್ಲಿ ಪೆಟ್ರೋಲ್ ನೇರವಾಗಿ ಸಿಲಿಂಡರಿನೊಳಗೇ ಬೀಳುತ್ತದೆ. ಈ ಒಂದು ವ್ಯತ್ಯಾಸವೇ ಮುಂದಿನ ಫಲಿತಾಂಶವನ್ನೆಲ್ಲ ತೀರ್ಮಾನಿಸಿತು.

ಮಸಿ ಬರುವುದೆಲ್ಲಿಂದ

ಏರ್ ಫಿಲ್ಟರ್ ಚೆನ್ನಾಗಿದ್ದರೂ ಒಳಗೆ ಯಾಕೆ ಕಪ್ಪು ಅಂತ ತುಂಬಾ ಜನ ಕೇಳುತ್ತಾರೆ. ಈ ಮಸಿ ಫಿಲ್ಟರ್ ದಾಟಿ ಬಂದದ್ದಲ್ಲ, ಇಂಜಿನ್ನೇ ವಾಪಸ್ ಕಳಿಸಿದ್ದು. ಪಿಸ್ಟನ್ ರಿಂಗ್ ದಾಟಿ ಕೆಳಗಿಳಿದ ಗ್ಯಾಸ್ ಆಯಿಲ್ ಮಂಜನ್ನು ಹೊತ್ತು, ಆ ಗ್ಯಾಸನ್ನು ಹೊರಗೆ ಬಿಡುವ ಪಿಸಿವಿ ವಾಲ್ವ್ ಮೂಲಕ ಇನ್‌ಟೇಕಿಗೆ ಬರುತ್ತದೆ. ಸುಟ್ಟ ಹೊಗೆಯ ಒಂದಂಶವನ್ನು ಇನ್‌ಟೇಕಿಗೆ ತಿರುಗಿಸುವ ಇಜಿಆರ್ ಇರುವ ಗಾಡಿಯಲ್ಲಿ ಸುಟ್ಟ ಹೊಗೆಯೂ ಸೇರುತ್ತದೆ. ಇಜಿಆರ್ ಇಲ್ಲದಿದ್ದರೂ ಗಾಳಿ ಬರುವ, ಹೊಗೆ ಹೋಗುವ ಎರಡೂ ವಾಲ್ವ್ ಒಟ್ಟಿಗೆ ತೆರೆದಿರುವ ಗಳಿಗೆಯಲ್ಲಿ ಸ್ವಲ್ಪ ಹೊಗೆ ಹಿಂದಕ್ಕೆ ನುಗ್ಗುತ್ತದೆ. ಆಯಿಲ್ ಅಂಟು, ಹೊಗೆ ಪುಡಿ, ಇಂಜಿನ್ ಬಿಸಿ. ಮೂರೂ ಸೇರಿದರೆ ಕಿಟ್ಟ ಕಟ್ಟುತ್ತದೆ.

ಅದಕ್ಕೇ ಮೊದಲು ಪಿಸಿವಿ ವಾಲ್ವ್ ನೋಡಿ. ಬಿಚ್ಚಿ ಅಲ್ಲಾಡಿಸಿದರೆ ಸಾಮಾನ್ಯ ಮಾದರಿಯದು ಟಕಟಕ ಅನ್ನಬೇಕು. ಸದ್ದೇ ಇಲ್ಲದಿದ್ದರೆ ಒಳಗೆ ಅಂಟಿಕೊಂಡಿದೆ ಅಂತಲೇ ಅರ್ಥ. ತೆರೆದ ಸ್ಥಿತಿಯಲ್ಲಿ ಅಂಟಿದರೆ ಆಯಿಲ್ ಎಳೆಯುತ್ತದೆ, ಐಡ್ಲಿಂಗ್ ಕೆಡುತ್ತದೆ. ಮುಚ್ಚಿಕೊಂಡರೆ ಒಳಗೆ ಒತ್ತಡ ಏರಿ ಆಯಿಲ್ ಸೀಲ್ ಸೋರಲು ಶುರು. ಇದನ್ನು ಬದಲಾಯಿಸದೆ ಮೇಲೆ ಎಷ್ಟು ತೊಳೆದರೂ ಮಸಿ ಬೇಗ ವಾಪಸ್ ಬರುತ್ತದೆ.

ಅಳತೆ ಬೇಕು

ಕ್ಲೀನ್ ಮಾಡಿದ ದಿನ ಎಲ್ಲಾ ಗಾಡಿಯೂ ಹಗುರ ಅನಿಸುತ್ತದೆ. ಆ ಅನಿಸಿಕೆಯನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಗಾಡಿಯ ದೋಷ, ಅಂಕಿ ಓದುವ ಓಬಿಡಿ ಪೋರ್ಟಿಗೆ ಹಾಕುವ ಚಿಕ್ಕ ಸ್ಕ್ಯಾನರ್ ಮತ್ತು ಸ್ಪಾರ್ಕ್ ಪ್ಲಗ್ ತೂತಿನಲ್ಲಿ, ಪೋರ್ಟಿನಲ್ಲಿ ಇಳಿಸಿ ನೋಡುವ ಬೋರೋಸ್ಕೋಪ್ ಕ್ಯಾಮೆರಾ ಇಟ್ಟುಕೊಂಡೆ. ಸ್ಕ್ಯಾನರಿನಲ್ಲಿ ಮುಖ್ಯವಾಗಿ ನೋಡಿದ್ದು ಎರಡು. ಒಂದು, ಇಂಜಿನ್ ಬಿಸಿಯಾದ ಮೇಲೆ ಐಡ್ಲಿಂಗ್‌ನಲ್ಲಿ ಥ್ರಾಟಲ್ ಎಷ್ಟು ಶೇಕಡಾ ತೆರೆದಿದೆ. ಪ್ಲೇಟಿನ ಅಂಚಿಗೆ ಮಸಿ ಕಟ್ಟಿದರೆ ಗಾಳಿಯ ಸಂದು ಕಿರಿದಾಗುತ್ತದೆ. ಆಗ ಇಸಿಯು, ಅಂದರೆ ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್, ಪ್ಲೇಟನ್ನು ಇನ್ನಷ್ಟು ತೆರೆದು ಸರಿದೂಗಿಸುತ್ತದೆ. ಕ್ಲೀನ್ ಆದ ಮೇಲೆ ಆ ಅಂಕಿ ಇಳಿಯಬೇಕು.

ಎರಡು, ಲಾಂಗ್ ಟರ್ಮ್ ಫ್ಯೂಯೆಲ್ ಟ್ರಿಮ್, ಅಂದರೆ ಇಸಿಯು ಲೆಕ್ಕಕ್ಕಿಂತ ಎಷ್ಟು ಶೇಕಡಾ ಹೆಚ್ಚು ಅಥವಾ ಕಡಿಮೆ ಪೆಟ್ರೋಲ್ ಕೊಡುತ್ತಿದೆ ಅನ್ನುವ ಅಂಕಿ. ಇದು ಸೊನ್ನೆಯ ಆಚೀಚೆ 5ರೊಳಗಿದ್ದರೆ ಚಿಂತೆಯಿಲ್ಲ. ಯಾವಾಗಲೂ +10 ದಾಟಿ ನಿಂತಿದ್ದರೆ ಎಲ್ಲೋ ಅಳತೆಗೆ ಸಿಗದ ಗಾಳಿ ನುಗ್ಗುತ್ತಿದೆ, ಇಲ್ಲವೇ ಮಾಫ್ ಕಡಿಮೆ ಓದುತ್ತಿದೆ, ಇಲ್ಲವೇ ಪೆಟ್ರೋಲ್ ಸಾಲುತ್ತಿಲ್ಲ. ಅದು ಹೆಚ್ಚಾದಾಗ ಬರುವ ದೋಷದ ಕೋಡ್ ಪಿ0171. ಒಡೆದ ವ್ಯಾಕ್ಯೂಮ್ ಹೋಸಿಗೆ ಯಾವ ಕ್ಲೀನರೂ ಮದ್ದಲ್ಲ. ಹೋಸುಗಳನ್ನು ಒಂದೊಂದಾಗಿ ಬಗ್ಗಿಸಿ ಬಿರುಕು ಹುಡುಕಿದ ಮೇಲೆಯೇ ಕ್ಲೀನರ್ ಡಬ್ಬಿ ತೆಗೆಯಿರಿ.

ಬಾಟಲಿ

ಇದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಲೇಬಲ್ ಮೇಲೆ ಪಾಲಿಈಥರ್ ಅಮೀನ್, ಅಂದರೆ ಪಿಇಎ ಇದೆಯಾ ನೋಡಿ ಕೊಳ್ಳಿ. ಇಂಜೆಕ್ಟರ್ ಮತ್ತು ಸಿಲಿಂಡರ್ ಒಳಗಿನ ಕಿಟ್ಟದ ಮೇಲೆ ನಿಜವಾಗಿ ಕೆಲಸ ಮಾಡುವುದು ಅದು. ನನ್ನ ಗಾಡಿಯಲ್ಲಿ ಪೆಟ್ರೋಲ್ ವಾಲ್ವಿನ ಬೆನ್ನಿಗೆ ಬೀಳುವುದರಿಂದ ಅಲ್ಲೂ ಗುಣ ಕಂಡಿತು. ಕೆಲವು ಟ್ಯಾಂಕ್ ಓಡಿದ ಮೇಲೆ ಕ್ಯಾಮೆರಾದಲ್ಲಿ ನೋಡಿದರೆ ಪೆಟ್ರೋಲ್ ತಾಗುವ ಕಡೆ ಲೋಹ ಇಣುಕುತ್ತಿತ್ತು. ತಮ್ಮನ ಗಾಡಿಯ ವಾಲ್ವ್ ಮೇಲೆ ಏನೂ ಬದಲಾಗಲಿಲ್ಲ, ಆಗುವುದಕ್ಕೂ ಸಾಧ್ಯವಿಲ್ಲ. ಪೆಟ್ರೋಲ್ ಆ ದಾರಿಯಲ್ಲಿ ಹೋಗುವುದೇ ಇಲ್ಲವಲ್ಲ. ಇನ್ನು ಥ್ರಾಟಲ್ ಬಾಡಿಗೆ ಬಾಟಲಿ ಯಾವ ಗಾಡಿಯಲ್ಲೂ ಮುಟ್ಟುವುದಿಲ್ಲ. ಆಯಿಲ್ ಬದಲಾಯಿಸುವುದಕ್ಕೆ ಸ್ವಲ್ಪ ಮುಂಚೆ ಬಾಟಲಿ ಹಾಕಿದರೆ ಒಳ್ಳೆಯದು. ಕರಗಿದ ಕೊಳೆ, ಕ್ಲೀನರಿನ ಸ್ವಲ್ಪ ಅಂಶ ಆಯಿಲಿಗೆ ಇಳಿಯುತ್ತದೆ. ಹಳೇ ಆಯಿಲ್ ಜೊತೆಗೇ ಅದೂ ಹೊರಗೆ ಹೋಗಲಿ.

ಸ್ಪ್ರೇ

ಇದರ ಮೇಲೆ ನನಗೆ ಆಸೆ ಇತ್ತು. ಯಾಕೆಂದರೆ ಏನೂ ಬಿಚ್ಚಬೇಕಿಲ್ಲ. ಬಿಸಿಯಾದ ಇಂಜಿನ್ನನ್ನು ಸುಮಾರು 2000 ಆರ್‌ಪಿಎಂನಲ್ಲಿ ಓಡಿಸುತ್ತಾ ಥ್ರಾಟಲ್ ಹತ್ತಿರ ಉದ್ದನೆ ನಳಿಕೆ ಇಟ್ಟು ಚೂರು ಚೂರೇ ಹೊಡೆಯುವುದು. ಆಮೇಲೆ ಇಂಜಿನ್ ಬಂದ್ ಮಾಡಿ, ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ನೆನೆಯಲು ಬಿಟ್ಟು, ಹೆದ್ದಾರಿಯಲ್ಲಿ ಚೆನ್ನಾಗಿ ಓಡಿಸುವುದು. ಹೊಗೆ ದಂಡಿಯಾಗಿ ಬರುತ್ತದೆ. ಬಯಲಿನಲ್ಲೇ ಮಾಡಿ.

ಹೊಗೆ ನೋಡಿ ಎಷ್ಟೊಂದು ಮಸಿ ಹೋಯಿತು ಅಂತ ಅನಿಸುತ್ತದೆ. ಅದರಲ್ಲಿ ಬಹುಪಾಲು ಸುಟ್ಟ ಸ್ಪ್ರೇಯೇ. ನನ್ನ ಗಾಡಿಯಲ್ಲಿ ಥ್ರಾಟಲ್ ಅಂಕಿ ಕೂದಲೆಳೆಯಷ್ಟು ಇಳಿಯಿತು. ಪ್ಲೇಟಿನ ಮುಂಭಾಗ ಹೊಳೆಯಿತು, ಹಿಂಭಾಗ ಮತ್ತು ಅಂಚಿನ ಕಪ್ಪು ಉಂಗುರ ಹಾಗೇ ಉಳಿಯಿತು. ತಮ್ಮನ ಗಾಡಿಯಲ್ಲಿ ಟರ್ಬೊ, ಇಂಟರ್‌ಕೂಲರ್ ದಾಟಿದ ಮೇಲಿನ ಜಾಗದಿಂದಲೇ ಹೊಡೆದೆವು. ವಾಲ್ವ್ ಮೇಲಿನ ಹಸಿ ಜಿಡ್ಡು ಹೋಯಿತು. ಅದರ ಅಡಿಯ ಗಟ್ಟಿ ಕಿಟ್ಟ ಮೊದಲಿಗಿಂತ ಸ್ಪಷ್ಟವಾಗಿ ಕಂಡಿತು, ಅಷ್ಟೇ. ಒಂದು ಸಿಲಿಂಡರಿಗೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ ಹೋಗಿದ್ದೂ ಕ್ಯಾಮೆರಾದಲ್ಲಿ ಗೊತ್ತಾಗುತ್ತಿತ್ತು. ಮ್ಯಾನಿಫೋಲ್ಡಿನ ತಿರುವುಗಳಲ್ಲಿ ದ್ರವ ಸಮವಾಗಿ ಹಂಚಿಹೋಗುವುದಿಲ್ಲ.

ಅಪಾಯಗಳೂ ಇವೆ. ಒಂದೇ ಸಲ ತುಂಬಾ ಸುರಿದರೆ ಮ್ಯಾನಿಫೋಲ್ಡಿನ ತಗ್ಗಿನಲ್ಲಿ ದ್ರವ ನಿಂತು ಸಿಲಿಂಡರಿಗೆ ಇಳಿಯಬಹುದು. ದ್ರವವನ್ನು ಪಿಸ್ಟನ್ ಒತ್ತಿ ಕುಗ್ಗಿಸಲಾಗದು, ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಮಾಫ್ ಸೆನ್ಸರಿಗಿಂತ ಮುಂಚೆ ಹೊಡೆದರೆ ಸೆನ್ಸರಿನ ಸಣ್ಣ ಬಿಸಿ ತಂತಿ ಹಾಳಾಗುತ್ತದೆ. ದೊಡ್ಡ ತುಂಡು ಕಳಚಿದರೆ ಹೋಗುವುದು ಟರ್ಬೊ ಕಡೆಗೆ, ಆಮೇಲೆ ಹೊಗೆ ಶುದ್ಧ ಮಾಡುವ ಕೆಟಲಿಟಿಕ್ ಕನ್ವರ್ಟರಿಗೆ. ಡೀಸೆಲ್ ಗಾಡಿಗೆ ಪೆಟ್ರೋಲ್ ಇಂಜಿನ್ನಿನ ಸ್ಪ್ರೇ ಬೇಡವೇ ಬೇಡ. ಡೀಸೆಲ್ ಇಂಜಿನ್ ಒತ್ತಡದ ಬಿಸಿಗೇ ಉರಿ ಹಚ್ಚುತ್ತದೆ. ಗಾಳಿಯ ಜೊತೆ ಉರಿಯುವ ವಸ್ತು ಕೊಟ್ಟರೆ ಅದು ತನಗೆ ಬೇಕಾದ ಹೊತ್ತಲ್ಲಿ ಹೊತ್ತಿಕೊಳ್ಳುತ್ತದೆ, ಇಂಜಿನ್ ಹಿಡಿತ ತಪ್ಪಿ ಓಡಬಹುದು. ಡೀಸೆಲಿನಲ್ಲಿ ಇಜಿಆರ್ ವಾಲ್ವ್, ಮ್ಯಾನಿಫೋಲ್ಡ್ ಬಿಚ್ಚಿ ತೊಳೆಯುವುದೇ ಸರಿ.

ಥ್ರಾಟಲ್ ಬಾಡಿ ಬಿಚ್ಚಿ ತೊಳೆಯುವುದು

ಮನೆಯಲ್ಲೇ ಮಾಡುವವರಿಗೆ ನನ್ನ ಓಟು ಇದಕ್ಕೆ. ಖರ್ಚು ಅಂದರೆ ಒಂದು ಡಬ್ಬಿ ಥ್ರಾಟಲ್ ಕ್ಲೀನರ್, ಒಂದು ಗ್ಯಾಸ್ಕೆಟ್, ನೂಲು ಬಿಡದ ಬಟ್ಟೆ, ಹಳೇ ಮೆತ್ತನೆ ಹಲ್ಲುಜ್ಜುವ ಬ್ರಷ್.

ಬ್ಯಾಟರಿಯ ನೆಗೆಟಿವ್ ತೆಗೆಯಿರಿ. ಹೋಸುಗಳ ಜಾಗವನ್ನು ಫೋಟೊ ತೆಗೆದಿಟ್ಟುಕೊಳ್ಳಿ. ಗಾಳಿ ಪೈಪಿನ ಕ್ಲಾಂಪ್ ಸಡಿಲಿಸಿ, ವೈರಿನ ಸಾಕೆಟ್ ಬಿಡಿಸಿ, ಬೋಲ್ಟ್ ತೆಗೆದರೆ ಬಾಡಿ ಕೈಗೆ ಬರುತ್ತದೆ. ಕೆಲವು ಗಾಡಿಗಳಲ್ಲಿ ಇದರೊಳಗೆ ಕೂಲೆಂಟ್ ಹರಿಯುತ್ತದೆ. ಅದು ಇದ್ದರೆ ಇಂಜಿನ್ ಪೂರ್ತಿ ತಣ್ಣಗಾಗಿರಬೇಕು, ಹೋಸ್ ಬಾಯಿ ಮುಚ್ಚಲು ಬಿರಡೆ ತಯಾರಿರಬೇಕು. ಮ್ಯಾನಿಫೋಲ್ಡಿನ ಬಾಯಿಗೆ ಶುದ್ಧ ಬಟ್ಟೆ ತುರುಕಿ.

ಇನ್ನು ಕ್ಲೀನರಿನ ಮಾತು. ಥ್ರಾಟಲ್ ಬಾಡಿಗೆ ಅಂತಲೇ ಬರುವುದನ್ನು ತನ್ನಿ. ಕಾರ್ಬ್ಯುರೇಟರ್ ಕ್ಲೀನರ್ ಇನ್ನೂ ಖಾರ. ಕೆಲವು ಕಂಪನಿಗಳು ಪ್ಲೇಟಿನ ಸುತ್ತ ಕೊಡುವ ತೆಳು ಲೇಪವನ್ನು ಅದು ಕಿತ್ತುಹಾಕಬಹುದು. ಲೇಪ ಹೋದ ಜಾಗದಲ್ಲಿ ಮಸಿ ಇನ್ನೂ ಬೇಗ ಅಂಟುತ್ತದೆ. ಬ್ರೇಕ್ ಕ್ಲೀನರ್ ಬಳಸಲೇಬೇಡಿ. ಕ್ಲೋರಿನ್ ಇರುವ ಬಗೆಯದು ಬಿಸಿಗೆ ಸಿಕ್ಕರೆ ಫಾಸ್ಜೀನ್ ಎಂಬ ವಿಷಗಾಳಿ ಹುಟ್ಟುತ್ತದೆ.

ಕ್ಲೀನರನ್ನು ಬಾಡಿಯ ಮೇಲೆ ಸುರಿಯುವ ಬದಲು ಬಟ್ಟೆಗೆ ಹೊಡೆದು ಒರೆಸಿ. ಮೋಟಾರ್ ಇರುವ ಬದಿ ಮೇಲೆ ಬರುವ ಹಾಗೆ ಹಿಡಿದರೆ ದ್ರವ ಶಾಫ್ಟ್ ಮೂಲಕ ಒಳಗಿಳಿಯುವುದಿಲ್ಲ. ಪ್ಲೇಟನ್ನು ಬೆರಳಿನಿಂದ ಮೆತ್ತಗೆ ಒತ್ತಿ ಹಿಂಭಾಗ ಒರೆಸಿ. ಎಲೆಕ್ಟ್ರಾನಿಕ್ ಥ್ರಾಟಲ್ ಆದರೆ ಒಳಗೆ ಪ್ಲಾಸ್ಟಿಕ್ ಗೇರ್ ಇರುತ್ತದೆ. ತಯಾರಕರು ಕೈಯಿಂದ ಒತ್ತಬೇಡಿ ಅಂದಿದ್ದರೆ ಆ ಮಾತು ಕೇಳಿ. ಗಾಡಿಯ ಮೇಲೇ ಇದ್ದಾಗ, ಕೀ ಆನ್ ಇರುವಾಗ, ಬೆರಳು ಹಾಕುವುದು ಅಪಾಯ. ಪ್ಲೇಟ್ ತಟ್ಟನೆ ಮುಚ್ಚಿಕೊಳ್ಳುತ್ತದೆ. ಸ್ಕ್ರೂಡ್ರೈವರಿನಿಂದ ಕೆರೆಯಲೇಬೇಡಿ, ಅಂಚಿಗೆ ಗೀರು ಬಿದ್ದರೆ ಐಡ್ಲಿಂಗ್ ಮತ್ತೆ ಸರಿಯಾಗುವುದಿಲ್ಲ. ಕೇಬಲ್ ಥ್ರಾಟಲ್ ಗಾಡಿಯಲ್ಲಿ ಐಡಲ್ ಏರ್ ಕಂಟ್ರೋಲ್ ವಾಲ್ವ್ ಬೇರೆ ಇರುತ್ತದೆ. ಐಡ್ಲಿಂಗ್ ಏರಿಳಿಯಲು ಎಷ್ಟೋ ಸಲ ಕಾರಣ ಅದರ ಸಣ್ಣ ದಾರಿಯಲ್ಲಿ ತುಂಬಿದ ಮಸಿ. ಪಿ0505 ಕೋಡ್ ಬಂದಿದ್ದರೆ ಮೊದಲು ಅಲ್ಲಿಗೇ ಹೋಗಿ.

ಜೋಡಿಸುವಾಗ ಹೊಸ ಗ್ಯಾಸ್ಕೆಟ್, ಬೋಲ್ಟ್ ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿ. ಎಷ್ಟು ಬಿಗಿ ಅಂತ ಗಾಡಿಯ ಸರ್ವೀಸ್ ಪುಸ್ತಕ ಹೇಳುತ್ತದೆ. ಪ್ಲಾಸ್ಟಿಕ್ ಮ್ಯಾನಿಫೋಲ್ಡಿನಲ್ಲಿ ಒಂದು ಸುತ್ತು ಜಾಸ್ತಿಯಾದರೆ ಬೋಲ್ಟ್ ತೂತಿನ ಥ್ರೆಡ್ ಕಿತ್ತು ಬರುತ್ತದೆ.

ಮೊದಲ ಸಲ ಸ್ಟಾರ್ಟ್ ಮಾಡಿದಾಗ ಆರ್‌ಪಿಎಂ ಮೇಲೇ ನಿಂತರೆ ಗಾಬರಿ ಬೇಡ. ಇಸಿಯು ಇನ್ನೂ ಮಸಿ ಇದ್ದ ಪ್ಲೇಟಿನ ಲೆಕ್ಕದಲ್ಲೇ ಗಾಳಿ ಕೊಡುತ್ತಿರುತ್ತದೆ. ಕೆಲವು ಗಾಡಿ ತಾನೇ ಕಲಿತುಕೊಳ್ಳುತ್ತವೆ, ಕೆಲವಕ್ಕೆ ಸ್ಕ್ಯಾನರಿನಿಂದ ಅಥವಾ ಕೀ ಮತ್ತು ಪೆಡಲಿನ ಒಂದು ಕ್ರಮದಿಂದ ಐಡಲ್ ರೀಲರ್ನ್ ಮಾಡಬೇಕು, ಅಂದರೆ ಐಡ್ಲಿಂಗ್ ಲೆಕ್ಕ ಮತ್ತೆ ಕಲಿಸಬೇಕು. ನನ್ನ ಗಾಡಿ ತಾನೇ ಇಳಿದು ಸುಮಾರು 750ಕ್ಕೆ ಬಂದು ಗಟ್ಟಿಯಾಗಿ ನಿಂತಿತು. ಸ್ಪ್ರೇಗೆ ಅಷ್ಟಾಗಿ ಅಲುಗದ ಥ್ರಾಟಲ್ ಅಂಕಿ ಇಲ್ಲಿ ಎದ್ದು ಕಾಣುವಷ್ಟು ಇಳಿಯಿತು. ಕಾಲು ತೆಗೆದಾಗ ಬಂದ್ ಆಗುವುದು ನಿಂತಿತು. ಟಾಪ್ ಸ್ಪೀಡ್, ಮೈಲೇಜ್ ಬದಲಾಗಲಿಲ್ಲ. ಪೂರ್ತಿ ತೆರೆದ ಥ್ರಾಟಲಿನಲ್ಲಿ ಅಂಚಿನ ಮಸಿಗೆ ಏನೂ ಪಾತ್ರವಿಲ್ಲ ಅಲ್ವಾ?

ಮ್ಯಾನಿಫೋಲ್ಡ್ ಇಳಿಸಿ ವಾಲ್ವ್ ತೊಳೆಯುವುದು

ತಮ್ಮನ ಗಾಡಿಯ ತೊಂದರೆ ಬೇರೆ. ಬೆಳಗ್ಗೆ ತಣ್ಣಗಿರುವಾಗ ಸ್ಟಾರ್ಟ್ ಮಾಡಿದರೆ ಮಿಸ್ಸಿಂಗ್, ಅಂದರೆ ಸಿಲಿಂಡರಿನಲ್ಲಿ ಉರಿ ತಪ್ಪುವುದು, ಜೊತೆಗೆ ಪಿ0300 ಕೋಡ್. ಪ್ಲಗ್, ಕಾಯಿಲ್ ಎಲ್ಲಾ ಸರಿ ಇದ್ದವು. ಕ್ಯಾಮೆರಾ ಇಳಿಸಿದರೆ ವಾಲ್ವಿನ ಕಾಂಡವೇ ಕಾಣದಷ್ಟು ಕಿಟ್ಟ. ಅಲ್ಲಿಗೆ ಬೇರೆ ದಾರಿ ಇರಲಿಲ್ಲ.

ಇದು ವಾರಾಂತ್ಯವಿಡೀ ತಿನ್ನುವ ಕೆಲಸ. ಡೈರೆಕ್ಟ್ ಇಂಜೆಕ್ಷನ್ ಪೈಪಿನಲ್ಲಿ 100 ಬಾರ್ ದಾಟುವ ಒತ್ತಡ ಇರುತ್ತದೆ. ಆ ಪೈಪ್ ಬಿಚ್ಚದೆ ಮ್ಯಾನಿಫೋಲ್ಡ್ ಬರುವುದಿಲ್ಲ ಅಂದರೆ ಗ್ಯಾರೇಜಿಗೇ ಕೊಡಿ ಅನ್ನುತ್ತೇನೆ. ತಮ್ಮನದರಲ್ಲಿ ಬಿಚ್ಚಬೇಕಿರಲಿಲ್ಲ.

ಮುಖ್ಯ ನಿಯಮ ಒಂದು: ಕೆಲಸ ಮಾಡುವ ಸಿಲಿಂಡರಿನ ಇನ್‌ಟೇಕ್ ವಾಲ್ವ್ ಪೂರ್ತಿ ಮುಚ್ಚಿರಬೇಕು. ಕ್ರ್ಯಾಂಕ್ ಬೋಲ್ಟಿಗೆ ಸ್ಪ್ಯಾನರ್ ಹಾಕಿ, ಇಂಜಿನ್ ತಿರುಗುವ ದಿಕ್ಕಿಗೇ ನಿಧಾನವಾಗಿ ತಿರುಗಿಸಿ, ಟಾರ್ಚ್ ಬಿಟ್ಟು ನೋಡಿ. ಉಳಿದ ಪೋರ್ಟುಗಳಿಗೆ ಬಟ್ಟೆ.

ಇಲ್ಲಿ ಒಂದೇ ಇಂಜಿನ್ನಿನಲ್ಲಿ ಎರಡು ವಿಧಾನ ನೋಡಿದೆವು. ಅರ್ಧ ಸಿಲಿಂಡರುಗಳಿಗೆ ಕ್ಲೀನರ್ ತುಂಬಿ ನೆನೆಸಿ, ನೈಲಾನ್ ಬ್ರಷ್ ಮತ್ತು ಪ್ಲಾಸ್ಟಿಕ್ ಕಡ್ಡಿಯಿಂದ ಕೆರೆದು, ಕೊಳೆಯನ್ನು ಹೀರಿ ತೆಗೆದೆವು. ಉಳಿದವಕ್ಕೆ ಗೆಳೆಯನೊಬ್ಬನ ಕಂಪ್ರೆಸರಿನಿಂದ ಅಕ್ರೋಟ್ ಚಿಪ್ಪಿನ ಪುಡಿ ಹೊಡೆದೆವು. ಆ ಪುಡಿ ಕಿಟ್ಟವನ್ನು ಒಡೆಯುವಷ್ಟು ಗಟ್ಟಿ, ಲೋಹಕ್ಕೆ ಗಾಯ ಮಾಡದಷ್ಟು ಮೆತ್ತಗೆ. ಫಲಿತಾಂಶದಲ್ಲಿ ಪುಡಿಯೇ ಗೆದ್ದಿತು. ಕಾಂಡದ ಹಿಂಬದಿ, ಪೋರ್ಟಿನ ಬಟ್ಟಲು ಎಲ್ಲಾ ಬರಿಲೋಹ. ಕೈಯಿಂದ ಮಾಡಿದ್ದರಲ್ಲಿ ಕಾಂಡದ ಹಿಂದೆ, ಕಡ್ಡಿ ತಿರುಗದ ಜಾಗದಲ್ಲಿ ತೆಳು ಪದರ ಉಳಿಯಿತು. ನಾಲ್ಕು ಸಲ ನೆನೆಸಿದರೂ ಪೂರ್ತಿ ಬರಲಿಲ್ಲ.

ಆದರೂ ಕೈ ವಿಧಾನವನ್ನು ತಳ್ಳಿಹಾಕುವುದಿಲ್ಲ. ಪುಡಿ ಹೊಡೆಯಲು ಕಂಪ್ರೆಸರ್, ಪೋರ್ಟಿಗೆ ಸರಿಯಾಗಿ ಕೂರುವ ಅಡಾಪ್ಟರ್, ಜೊತೆಗೇ ಹೀರುವ ವ್ಯಾಕ್ಯೂಮ್ ಕ್ಲೀನರ್ ಬೇಕು. ಒಂದು ಚಿಟಿಕೆ ಪುಡಿ ಉಳಿದರೂ ಸಿಲಿಂಡರಿಗೆ ಹೋಗುತ್ತದೆ. ಸಲಕರಣೆ ಇಲ್ಲದವರಿಗೆ ನೆನೆಸಿ ಕೆರೆಯುವುದೇ ಸಾಕು. ತಣ್ಣನೆ ಸ್ಟಾರ್ಟಿನ ಮಿಸ್ಸಿಂಗ್ ಎರಡೂ ಬಗೆಯ ಸಿಲಿಂಡರುಗಳಲ್ಲಿ ಹೋಯಿತು. ಸ್ಕ್ಯಾನರಿನಲ್ಲಿ ಒಂದೊಂದು ಸಿಲಿಂಡರಿನ ಮಿಸ್‌ಫೈರ್ ಎಣಿಕೆ ನೋಡಿದಾಗ ವ್ಯತ್ಯಾಸ ಕಾಣಲಿಲ್ಲ. ಇಲ್ಲಿ ಪಿಕಪ್ ಕೂಡ ಸುಧಾರಿಸಿತು.

ನನ್ನ ಹಳೇ ಗಾಡಿಗೆ ಈ ಕೆಲಸ ಬೇಕೇ ಇರಲಿಲ್ಲ. ಅದಕ್ಕೆ ಪಿಸಿವಿ, ಕೈಯಲ್ಲಿ ತೊಳೆದ ಥ್ರಾಟಲ್, ಅಪರೂಪಕ್ಕೊಂದು ಬಾಟಲಿ. ಸ್ಪ್ರೇ ಡಬ್ಬಿಯನ್ನು ಎರಡೂ ಗಾಡಿಗೆ ಮತ್ತೆ ಕೊಳ್ಳುವುದಿಲ್ಲ.

ಮಾಫ್ ಸೆನ್ಸರಿನ ಬಗ್ಗೆ ಒಂದು ಮಾತು. ಟ್ರಿಮ್ ಅಂಕಿ ಸರಿಯಿದ್ದರೆ ಅದನ್ನು ಮುಟ್ಟಬೇಡಿ. ಮುಟ್ಟಲೇಬೇಕಾದರೆ ಮಾಫ್ ಕ್ಲೀನರ್ ಮಾತ್ರ, ಬ್ರಷ್ ಬಟ್ಟೆ ಏನೂ ತಾಗಿಸದೆ, ಪೂರ್ತಿ ಒಣಗಿದ ಮೇಲೆಯೇ ಸಾಕೆಟ್ ಹಾಕಿ. ಆಯಿಲ್ ಹಚ್ಚಿ ಬಳಸುವ ಏರ್ ಫಿಲ್ಟರ್ ಹಾಕಿದವರು ಮಾತ್ರ ಆಗಾಗ ನೋಡುತ್ತಿರಬೇಕು. ಹೆಚ್ಚಾದ ಆಯಿಲ್ ಹಾರಿ ಆ ತಂತಿಯ ಮೇಲೇ ಕೂರುತ್ತದೆ.

ತಮ್ಮನ ಗಾಡಿಗೆ ಈಗ ಪಿಸಿವಿ ದಾರಿಯಲ್ಲಿ ಆಯಿಲ್ ಹಿಡಿಯುವ ಕ್ಯಾಚ್ ಕ್ಯಾನ್ ಹಾಕಿದ್ದೇವೆ. ಬಿಚ್ಚಿದಾಗಲೆಲ್ಲ ತಳದಲ್ಲಿ ಕಂದು ಆಯಿಲ್, ನೀರು ಸಿಗುತ್ತದೆ. ಅಷ್ಟು ಕೊಳೆ ವಾಲ್ವ್ ಸೇರಲಿಲ್ಲ ಅನ್ನುವುದು ನಿಜ. ಆದರೆ ಸಿಲಿಂಡರಿನಿಂದಲೇ ಹಿಂದಕ್ಕೆ ನುಗ್ಗುವ ಹೊಗೆಯನ್ನು ಅದು ತಡೆಯಲಾರದು. ಹಾಗಾಗಿ ಆಯಿಲ್ ಬದಲಾಯಿಸುವಾಗಲೆಲ್ಲ ಕ್ಯಾನ್ ಖಾಲಿ ಮಾಡಿ, ವರ್ಷಕ್ಕೊಮ್ಮೆ ಕ್ಯಾಮೆರಾ ಇಳಿಸಿ ನೋಡುತ್ತೇವೆ.