ತೊಂಬತ್ತಾರು, ಹೆಬ್ಬೆರಳು ಮತ್ತು ನನ್ನ ಹಳೆಯ ಲ್ಯಾಪ್‌ಟಾಪ್

ನನ್ನ ಅಕ್ಕನ ಮಗ ಪಿಯುಸಿ ಓದುತ್ತಿದ್ದಾನೆ. ಯಾವ ಹೊಸ ವಿಡಿಯೋ ಗೇಮಿನ ಹೆಸರೆತ್ತಿದರೂ ಅವನ ಮೊದಲ ಪ್ರಶ್ನೆ ಒಂದೇ: "ಎಷ್ಟು ಬಂದಿದೆ ಮಾವ?" ಪಕ್ಕದ ಮನೆಯ ಹುಡುಗನ ಫಲಿತಾಂಶ ಕೇಳುವ ಧಾಟಿ. ಎಂಬತ್ತೆರಡು ಎಂದರೆ ಮುಖ ಸಣ್ಣದು ಮಾಡುತ್ತಾನೆ. ತೊಂಬತ್ತು ದಾಟಿದ್ದರೆ ಮಾತ್ರ "ಹಾಗಾದರೆ ಕೊಳ್ಳೋಣ" ಎನ್ನುತ್ತಾನೆ. ಕೊಳ್ಳುವವನು ನಾನು, ಬಹುವಚನವಷ್ಟೇ ಅವನದು.

ಅವನನ್ನು ಬೈದು ಫಲವಿಲ್ಲ, ಬಹಳ ವರ್ಷ ನಾನೂ ಹಾಗೆಯೇ ದುಡ್ಡು ಸುರಿದವನು. ಈಚಿನ ಮೂರು ವರ್ಷಗಳಿಂದ ಒಂದು ಅಭ್ಯಾಸ ಮಾಡಿಕೊಂಡಿದ್ದೇನೆ. ಆಟ ಕೊಳ್ಳುವ ಮೊದಲು ಮೆಟಾಕ್ರಿಟಿಕ್, ಓಪನ್‌ಕ್ರಿಟಿಕ್, ಸ್ಟೀಮ್ ಎಂಬ, ಆಟಗಳ ಬಗ್ಗೆ ಜನ ಏನೆನ್ನುತ್ತಾರೆಂದು ಲೆಕ್ಕ ತೋರಿಸುವ ಮೂರೂ ಜಾಲತಾಣಗಳಲ್ಲಿ ಏನು ಬಂದಿದೆ ಎಂದು ಹಳೆಯ ಡೈರಿಯೊಂದರಲ್ಲಿ ಬರೆದಿಡುತ್ತೇನೆ. ಆಡಿ ಮುಗಿಸಿದ ಮೇಲೆ, ಅಥವಾ ಅರ್ಧಕ್ಕೆ ಬಿಟ್ಟ ಮೇಲೆ, ಪಕ್ಕದಲ್ಲಿ ನನ್ನದೊಂದು ಸಾಲು ಸೇರಿಸುತ್ತೇನೆ. ನನ್ನ ಬಳಿ ಇರುವುದು ಜಿಟಿಎಕ್ಸ್ 1650 ಗ್ರಾಫಿಕ್ಸ್ ಕಾರ್ಡಿನ, ಮುದಿಯಾಗುತ್ತಿರುವ ಲ್ಯಾಪ್‌ಟಾಪ್. ಆಡಲು ಸಿಗುವುದು ರಾತ್ರಿ ಊಟವಾದ ಮೇಲಿನ ಒಂದು ಗಂಟೆ. ಈ ಎರಡನ್ನೂ ಮೊದಲೇ ಹೇಳಿಬಿಡಬೇಕು. ಮೂರರಲ್ಲಿ ಯಾವುದು ಮೇಲು ಎಂಬ ಜಗಳ ಸುತ್ತಿ ಬಳಸಿ ಬಂದು ನಿಲ್ಲುವುದು ಇಲ್ಲಿಯೇ.

ಮೆಟಾಕ್ರಿಟಿಕ್ ಹಿರಿಯಣ್ಣ, 2001ರಿಂದ ಇದೆ. ಪತ್ರಿಕೆಗಳ, ಜಾಲತಾಣಗಳ ವಿಮರ್ಶೆಗಳನ್ನು ಒಟ್ಟುಗೂಡಿಸಿ, ಎಲ್ಲವನ್ನೂ ನೂರಕ್ಕೆ ಇಷ್ಟು ಎಂದು ಪರಿವರ್ತಿಸಿ, ಸರಾಸರಿ ತೆಗೆದು ಹಸಿರು, ಹಳದಿ, ಕೆಂಪು ಚೌಕದಲ್ಲಿ ಕೂರಿಸುತ್ತದೆ. ಕೆಲವು ಪತ್ರಿಕೆಗಳ ಮಾತಿಗೆ ಹೆಚ್ಚು ತೂಕ, ಕೆಲವಕ್ಕೆ ಕಡಿಮೆ. ಯಾವುದಕ್ಕೆ ಎಷ್ಟು ಎಂಬುದು ಗುಟ್ಟು. ಪರಿವರ್ತನೆಯಲ್ಲೇ ಅರ್ಧ ಅನ್ಯಾಯ ನಡೆಯುತ್ತದೆ. ಐದರಲ್ಲಿ ಮೂರು ನಕ್ಷತ್ರ ಕೊಟ್ಟ ವಿಮರ್ಶಕನ ಮನಸ್ಸಿನಲ್ಲಿ ಇದ್ದದ್ದು "ಪರವಾಗಿಲ್ಲ, ಬಿಡುವಿದ್ದರೆ ಆಡಿ" ಎಂಬ ಮಾತು. ಇಲ್ಲಿಗೆ ಬರುವಷ್ಟರಲ್ಲಿ ಅದು 60 ಆಗಿ, ಹಳದಿ ಬಳಿದುಕೊಂಡು, ತಲೆ ತಗ್ಗಿಸಿ ನಿಂತಿರುತ್ತದೆ. ಇನ್ನೊಂದು ವಿಚಿತ್ರವಿದೆ. ಇದೇ ತಾಣದಲ್ಲಿ ಸಿನಿಮಾಕ್ಕೆ 61 ಬಂದರೆ ಹಸಿರು, ಗೇಮಿಗೆ ಹಸಿರು ಸಿಗುವುದು 75ರಿಂದ. ನಮ್ಮ ಎಸ್ಸೆಸ್ಸೆಲ್ಸಿಯಲ್ಲಿ 35ಕ್ಕೆ ಪಾಸಾದವನ ಮನೆಯವರು ಪೇಡೆ ಹಂಚಿದ್ದನ್ನು ನೋಡಿದ್ದೇನೆ. ಗೇಮ್ ಲೋಕದಲ್ಲಿ 72 ಬಂದವನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ.

ಒಲೆಯ ಮಾತು ಬರೀ ಅಲಂಕಾರವಲ್ಲ. 2010ರಲ್ಲಿ ಬಂದ 'ಫಾಲ್‌ಔಟ್: ನ್ಯೂ ವೇಗಸ್' ಆಟವನ್ನು ಮಾಡಿದ ಒಬ್ಸಿಡಿಯನ್ ಸಂಸ್ಥೆಗೆ ಮೆಟಾಕ್ರಿಟಿಕ್‌ನಲ್ಲಿ 85 ಬಂದರೆ ಬೋನಸ್ ಎಂಬ ಕರಾರಿತ್ತು. ಬಂದದ್ದು 84. ಬೋನಸ್ ಇಲ್ಲ. ಇದನ್ನು ಹೊರಗೆಡವಿದವರು ಆ ತಂಡದವರೇ ಆದ ಕ್ರಿಸ್ ಅವೆಲೋನ್, 2012ರಲ್ಲಿ. ಒಂದು ಅಂಕಕ್ಕೆ ರ‍್ಯಾಂಕ್ ತಪ್ಪಿಸಿಕೊಂಡವರ ಸಂಕಟ ನಮಗೆ ಹೊಸದೇನಲ್ಲ, ಆದರೆ ಇಲ್ಲಿ ಮರುಮೌಲ್ಯಮಾಪನಕ್ಕೂ ಅವಕಾಶವಿಲ್ಲ.

ಈ ಹಳದಿ ಚೌಕದ ಮಾತು ಕೇಳಿದ್ದರೆ ನಾನು 'ರಾಜಿ' ಆಡುತ್ತಲೇ ಇರಲಿಲ್ಲ. ಪುಣೆಯ ನೋಡಿಂಗ್ ಹೆಡ್ಸ್ ಎಂಬ ಸಣ್ಣ ತಂಡ 2020ರಲ್ಲಿ ಹೊರತಂದ ಆಟ ಅದು. ಸರ್ಕಸ್ಸಿನ ಹುಡುಗಿಯೊಬ್ಬಳು ಅಸುರರು ಹೊತ್ತೊಯ್ದ ತಮ್ಮನನ್ನು ಹುಡುಕಿಕೊಂಡು ಹೋಗುತ್ತಾಳೆ, ದುರ್ಗೆ ಮತ್ತು ವಿಷ್ಣು ಮೇಲಿನಿಂದ ಅವಳ ಕಥೆ ಹೇಳುತ್ತಿರುತ್ತಾರೆ. ಹೊಡೆದಾಟ ಜಾಳು ಎಂದು ವಿಮರ್ಶಕರು ಬರೆದದ್ದು ಸುಳ್ಳಲ್ಲ. ನನ್ನ ಡೈರಿಯಲ್ಲೂ ಅದೇ ಇದೆ. ಆದರೆ ಕಥೆಯ ನಡುನಡುವೆ ಬರುವ ನೆರಳುಗೊಂಬೆಯ ದೃಶ್ಯಗಳನ್ನು, ಅಜ್ಜಿಯ ಊರಿನ ಜಾತ್ರೆಯಲ್ಲಿ ತೊಗಲುಗೊಂಬೆ ಆಟ ನೋಡಿ ಬೆಳೆದ ನಾನು ನೋಡಿದ ಬಗೆಯೇ ಬೇರೆ. ಎಪ್ಪತ್ತರ ಆಸುಪಾಸಿನ ಆ ಅಂಕದಲ್ಲಿ ಇದಕ್ಕೆ ಜಾಗವಿಲ್ಲ, ಇರಬೇಕೆಂದು ಕೇಳುವುದೂ ನ್ಯಾಯವಲ್ಲ.

ಓಪನ್‌ಕ್ರಿಟಿಕ್ ಬಂದದ್ದು 2015ರಲ್ಲಿ, ಹಿರಿಯಣ್ಣನ ಗುಟ್ಟಿನ ತೂಕಕ್ಕೆ ಎದುರಾಡುತ್ತಲೇ. ಇಲ್ಲಿ ಎಲ್ಲ ವಿಮರ್ಶೆಗಳಿಗೂ ಒಂದೇ ತೂಕ, ಸೀದಾ ಸರಾಸರಿ. ಇಷ್ಟು ಕೇಳಿ ನಾನು ಬಹಳ ಹುರುಪಿನಿಂದ ಎರಡರ ಅಂಕಗಳನ್ನೂ ಎದುರುಬದುರು ಬರೆಯುತ್ತಾ ಹೋದೆ. ಆರು ತಿಂಗಳಲ್ಲಿ ಗೊತ್ತಾಯಿತು, ವ್ಯತ್ಯಾಸ ಹೆಚ್ಚಿನ ಸಲ ಒಂದೋ ಎರಡೋ ಅಂಕ. ಒಂದೇ ತರಕಾರಿಯನ್ನು ಎರಡು ತಕ್ಕಡಿಯಲ್ಲಿ ತೂಗಿದ ಹಾಗೆ. ಆ ಕಾಲಮ್ಮನ್ನು ಬರೆಯುವುದನ್ನೇ ನಿಲ್ಲಿಸಿದೆ.

ನಿಲ್ಲಿಸದೆ ಉಳಿಸಿಕೊಂಡದ್ದು ಅಲ್ಲಿರುವ ಇನ್ನೊಂದು ಸಂಖ್ಯೆಯನ್ನು: ವಿಮರ್ಶಕರಲ್ಲಿ ಶೇಕಡಾ ಎಷ್ಟು ಮಂದಿ ಈ ಆಟವನ್ನು ಶಿಫಾರಸು ಮಾಡುತ್ತಾರೆ ಎಂಬುದು. ಅಂಕವನ್ನೇ ಕೊಡದ ಪತ್ರಿಕೆಗಳ ಅಭಿಪ್ರಾಯವೂ ಇದರೊಳಗೆ ಸೇರುತ್ತದೆ. ಸರಾಸರಿ 78 ಬಂದ ಎರಡು ಆಟಗಳಿವೆ ಎಂದುಕೊಳ್ಳಿ. ಒಂದಕ್ಕೆ ಎಲ್ಲರೂ ಎಪ್ಪತ್ತರಿಂದ ಎಂಬತ್ತೈದರೊಳಗೆ ಕೊಟ್ಟಿದ್ದಾರೆ. ಇನ್ನೊಂದಕ್ಕೆ ಅರ್ಧ ಜನ ತೊಂಬತ್ತೈದು, ಉಳಿದರ್ಧ ಅರವತ್ತು. ಮೊದಲನೆಯದು ಮದುವೆ ಮನೆಯ ಊಟ, ಯಾರಿಗೂ ಬೇಸರವಾಗದು, ಯಾರಿಗೂ ನೆನಪಿನಲ್ಲಿ ಉಳಿಯದು. ಎರಡನೆಯದು ಹಾಗಲಕಾಯಿ ಗೊಜ್ಜು. ನನಗೆ ಗೊಜ್ಜು ಇಷ್ಟ. ಸರಾಸರಿ ಅದನ್ನು ಮುಚ್ಚಿಡುತ್ತದೆ, ಶೇಕಡಾವಾರು ಸ್ವಲ್ಪವಾದರೂ ಬಿಟ್ಟುಕೊಡುತ್ತದೆ.

ಮೆಟಾಕ್ರಿಟಿಕ್, ಓಪನ್‌ಕ್ರಿಟಿಕ್ ಇಬ್ಬರಿಗೂ ಇರುವ ಕುಂದು ಒಂದೇ. ವಿಮರ್ಶಕನ ಕೈಗೆ ಆಟ ಯಾವಾಗ ಬಂತು, ಯಾವ ಯಂತ್ರಕ್ಕೆ ಬಂತು ಎಂಬುದನ್ನು ನಿರ್ಧರಿಸುವುದು ಆಟ ಮಾರುವ ಕಂಪನಿಯೇ. 2020ರ ಡಿಸೆಂಬರ್ 10ರಂದು 'ಸೈಬರ್‌ಪಂಕ್ 2077' ಬಿಡುಗಡೆಯಾದಾಗ ಮೊದಲೇ ವಿಮರ್ಶೆಗೆ ಕೊಟ್ಟದ್ದು ಕಂಪ್ಯೂಟರಿನ ಆವೃತ್ತಿ ಮಾತ್ರ. ವಿಡಿಯೋದಲ್ಲಿ ವಿಮರ್ಶಕರು ತಾವು ಆಡಿದ್ದನ್ನು ತೋರಿಸುವಂತಿರಲಿಲ್ಲ, ಕಂಪನಿ ಕೊಟ್ಟ ದೃಶ್ಯಗಳನ್ನೇ ಬಳಸಬೇಕಿತ್ತು. ಅಂಕ ತೊಂಬತ್ತರ ಆಸುಪಾಸಿನಲ್ಲಿ ಮಿರುಗುತ್ತಿತ್ತು. ಅದನ್ನು ನಂಬಿ ಸೋನಿಯ ಹಳೆಯ ಗೇಮ್ ಯಂತ್ರವಾದ ಪ್ಲೇಸ್ಟೇಷನ್ 4ಕ್ಕೆ ಕೊಂಡವರಿಗೆ ಆಟ ನೆಟ್ಟಗೆ ಓಡಲೇ ಇಲ್ಲ, ಅವರ ಪಾಡು ಲೋಕಕ್ಕೆಲ್ಲ ಗೊತ್ತು. ಹತ್ತು ದಿನ ತುಂಬುವ ಮೊದಲೇ ಸೋನಿ ತನ್ನ ಅಂಗಡಿಯಿಂದ ಆಟವನ್ನು ತೆಗೆದುಹಾಕಿತು, ಮತ್ತೆ ಇಟ್ಟದ್ದು 2021ರ ಜೂನ್‌ನಲ್ಲಿ. ಪ್ಲೇಸ್ಟೇಷನ್ 4ರ ಆವೃತ್ತಿಗೆ ಆಮೇಲೆ ಬಂದ ಅಂಕ ಐವತ್ತರ ಮನೆಯದು. ಒಂದೇ ಹೆಸರು, ಒಂದೇ ಕಥೆ, ನಡುವೆ ಮೂವತ್ತು ಅಂಕಗಳ ಕಂದಕ. 2023ರ ಸೆಪ್ಟೆಂಬರ್‌ನಲ್ಲಿ ಬಂದ 2.0 ಪರಿಷ್ಕರಣೆಯ ನಂತರ ಗೆಳೆಯನ ಮನೆಯ ಹೊಸ ಕಂಪ್ಯೂಟರಿನಲ್ಲಿ ನಾನು ಆಡಿದ್ದು ಬೇರೆಯದೇ ಆಟ ಎನ್ನಬೇಕು. ಮೆಟಾಕ್ರಿಟಿಕ್‌ನಲ್ಲಿ ಮಾತ್ರ ಮೊದಲು ಕೊಟ್ಟ ಅಂಕವೇ ಕಡೆಯದು.

ಇನ್ನು ಸ್ಟೀಮ್. ಕಂಪ್ಯೂಟರ್ ಆಟಗಳ ಅಂಗಡಿ ಅದು, ಕೊಂಡವರೇ ವಿಮರ್ಶಕರು. ಅಂಕವಿಲ್ಲ, ಹೆಬ್ಬೆರಳು ಮೇಲೆ ಅಥವಾ ಕೆಳಗೆ. ನೂರರಲ್ಲಿ ತೊಂಬತ್ತೈದು ಹೆಬ್ಬೆರಳು ಮೇಲಿದ್ದರೆ ನೀಲಿ ಅಕ್ಷರದ ಹೊಗಳಿಕೆ, ಎಪ್ಪತ್ತಕ್ಕಿಂತ ಕೆಳಗಿಳಿದರೆ 'ಮಿಕ್ಸೆಡ್' ಎಂಬ ಕಂದು ಬಣ್ಣದ ಗೊಣಗಾಟ. ಇಲ್ಲಿನ ಬರಹದಲ್ಲಿ ಅರ್ಧಕ್ಕರ್ಧ ಹಾಸ್ಯ ಚಟಾಕಿ, ಕಾಲುಭಾಗ ಬೈಗುಳ. ಆದರೂ ನನ್ನ ಡೈರಿಯ ಪ್ರಕಾರ ನನ್ನ ದುಡ್ಡು ಉಳಿಸಿದ್ದು ಹೆಚ್ಚಾಗಿ ಇದೇ. ಕಾರಣ, ಪ್ರತಿ ವಿಮರ್ಶೆಯ ತಲೆಯ ಮೇಲೆ ಬರೆದವನು ಎಷ್ಟು ಗಂಟೆ ಆಡಿದ್ದಾನೆ ಎಂದು ಅಚ್ಚಾಗಿರುತ್ತದೆ. ಅರ್ಧ ಗಂಟೆ ಆಡಿ ಉಗಿದವನನ್ನು ಬಿಡಿ. ಎರಡು ಸಾವಿರ ಗಂಟೆ ಆಡಿ ಹೆಬ್ಬೆರಳು ಕೆಳಗೆ ಮಾಡಿದವನನ್ನೂ ಬಿಡಿ, ಅದು ವಿಮರ್ಶೆಯಲ್ಲ, ದಾಂಪತ್ಯ ಕಲಹ. ಹದಿನೈದರಿಂದ ಐವತ್ತು ಗಂಟೆಯೊಳಗೆ ಆಡಿ ಬೇಡ ಎಂದವರಿದ್ದಾರಲ್ಲ, ಅವರನ್ನು ಓದಬೇಕು. ತಮ್ಮ ಕಂಪ್ಯೂಟರಿನಲ್ಲಿ ಏನಿದೆ, ಎಲ್ಲಿ ತೊಡರಿತು ಎಂದು ಲೆಕ್ಕ ಕೊಡುವವರು ಅವರೇ.

'ಎಲ್ಡನ್ ರಿಂಗ್' 2022ರ ಫೆಬ್ರವರಿ 25ರಂದು ಬಂದಾಗ ವಿಮರ್ಶಕರ ಅಂಕ ತೊಂಬತ್ತರ ನಡುಭಾಗ ದಾಟಿತ್ತು, ಅದೇ ದಿನ ಸ್ಟೀಮ್‌ನಲ್ಲಿ 'ಮಿಕ್ಸೆಡ್'. ಇಬ್ಬರೂ ನಿಜವನ್ನೇ ಹೇಳುತ್ತಿದ್ದರು. ಒಬ್ಬರು ಹೇಳಿದ್ದು ಆಟದ ಮಾತು, ಇನ್ನೊಬ್ಬರು ಹೇಳಿದ್ದು ಕಂಪ್ಯೂಟರಿನಲ್ಲಿ ಅದು ತಡವರಿಸುತ್ತಿದ್ದ ಮಾತು. 2025ರ 'ಮಾನ್‌ಸ್ಟರ್ ಹಂಟರ್ ವೈಲ್ಡ್ಸ್' ಕಥೆಯೂ ಹೆಚ್ಚು ಕಡಿಮೆ ಇದೇ. ಕೆಲವೊಮ್ಮೆ ಹೆಬ್ಬೆರಳು ಆಟವನ್ನೇ ನೋಡಿರುವುದಿಲ್ಲ. 2024ರ ಮೇ ತಿಂಗಳಲ್ಲಿ 'ಹೆಲ್‌ಡೈವರ್ಸ್ 2' ಆಟವನ್ನು ಕಂಪ್ಯೂಟರಿನಲ್ಲಿ ಆಡುವವರೂ ಪ್ಲೇಸ್ಟೇಷನ್ ಖಾತೆ ತೆರೆಯಲೇಬೇಕು ಎಂದು ಸೋನಿ ಅಪ್ಪಣೆ ಹೊರಡಿಸಿದಾಗ ಮೂರೇ ದಿನದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಹೆಬ್ಬೆರಳುಗಳು ಕೆಳಗಾದವು, ಸೋನಿ ಹಿಂದೆ ಸರಿಯಿತು. ಆಟದಲ್ಲಿ ಒಂದು ಹುಲ್ಲುಕಡ್ಡಿಯೂ ಬದಲಾಗಿರಲಿಲ್ಲ. ಅದು ವಿಮರ್ಶೆಯಲ್ಲ, ರಸ್ತೆ ತಡೆ. ಮುಷ್ಕರ ಮಾಡಬಾರದು ಎಂದು ನಾನು ಹೇಳುವುದಿಲ್ಲ. ಆ ವಾರ ಆಟ ಕೊಳ್ಳಲು ಹೋದವನಿಗೆ ಮಾತ್ರ ಅಂಕ ಏನನ್ನೂ ಹೇಳುತ್ತಿರಲಿಲ್ಲ.

ನನಗೆ ಎಲ್ಲಕ್ಕಿಂತ ಸ್ವಾರಸ್ಯ ಅನಿಸಿದ್ದು 'ಹಾಲೋ ನೈಟ್: ಸಿಲ್ಕ್‌ಸಾಂಗ್'. 2025ರ ಸೆಪ್ಟೆಂಬರ್ 4ರಂದು ಬಂದ ಈ ಆಟವನ್ನು ಆಸ್ಟ್ರೇಲಿಯಾದ ಅಡಿಲೇಡ್‌ನ ಟೀಮ್ ಚೆರ‍್ರಿ ಯಾವ ವಿಮರ್ಶಕರಿಗೂ ಮೊದಲೇ ಕೊಡಲಿಲ್ಲ. ಎಲ್ಲರೂ ಒಂದೇ ಗಳಿಗೆಯಲ್ಲಿ ಕೊಂಡು, ಒಟ್ಟಿಗೆ ಸೋಲತೊಡಗಿದರು. ಅದಕ್ಕೆ ತುಸು ಮೊದಲಷ್ಟೇ ಸ್ಟೀಮ್ ಭಾಷೆವಾರು ಲೆಕ್ಕ ತೋರಿಸಲು ಶುರುಮಾಡಿತ್ತು. ಇಂಗ್ಲಿಷಿನವರ ಹೆಬ್ಬೆರಳು ಮೇಲೆ, ಚೀನೀ ಭಾಷೆಯವರದು ಕೆಳಗೆ! ಚೀನೀ ಅನುವಾದ ಹಳೆಯ ಕತ್ತಿವರಸೆ ಕಾದಂಬರಿಯ ಭಾಷೆಯಲ್ಲಿ ಇದೆ, ಓದಲಾಗುತ್ತಿಲ್ಲ ಎಂಬುದು ಅವರ ದೂರು. ಎಟಿಎಂ ಪರದೆಯ ಕನ್ನಡ ಓದಿ ಇಂಗ್ಲಿಷ್ ಗುಂಡಿ ಒತ್ತಿದ ಯಾರಿಗಾದರೂ ಆ ಸಿಟ್ಟು ಅರ್ಥವಾಗುತ್ತದೆ. ವಿಮರ್ಶಕರ ಸರಾಸರಿಯಲ್ಲಿ ಈ ದೂರಿನ ಸುಳಿವೂ ಇಲ್ಲ. ಕನ್ನಡದವರ ಹೆಬ್ಬೆರಳು ಇಂಗ್ಲಿಷ್ ಖಾತೆಗೆ ಜಮಾ ಆಗುತ್ತದೆ ಎಂಬುದು ಬೇರೆ ಮಾತು.

ಮೂರೂ ಕಡೆ ಒಮ್ಮತ ಇದ್ದರೆ? 'ಬಾಲ್ಡರ್ಸ್ ಗೇಟ್ 3' ಹಾಗಿತ್ತು, 96. ಬಿಡುಗಡೆಯ ದಿನ ಅನೇಕ ತಾಣಗಳಲ್ಲಿ ಇದ್ದದ್ದು ಇನ್ನೂ ಆಡುತ್ತಿದ್ದೇವೆ ಎಂಬ ಅರೆ ವಿಮರ್ಶೆ, ಅಷ್ಟು ದೊಡ್ಡ ಆಟ. ಅವರು ಹಗಲು ರಾತ್ರಿ ಕೂತು ಮುಗಿಸಿದ್ದನ್ನು ನಾನು ದಿನಕ್ಕೊಂದು ಗಂಟೆಯಂತೆ ಐದು ತಿಂಗಳು ಆಡಿದೆ, ಧಾರಾವಾಹಿ ನೋಡಿದ ಹಾಗೆ. ನನ್ನ ಮಟ್ಟಿಗೆ ಆ ಅಂಕ ಸರಿ.

'ಕ್ಲೇರ್ ಆಬ್ಸ್‌ಕ್ಯೂರ್: ಎಕ್ಸ್‌ಪೆಡಿಷನ್ 33' ಕೂಡ ಹಾಗೆಯೇ. ಫ್ರಾನ್ಸಿನ ಮಾಂಪೆಲಿಯೆಯ ಸಣ್ಣ ತಂಡದ್ದು, 2025ರ ಏಪ್ರಿಲ್‌ನದ್ದು. ಮೂರೂ ಕಡೆ ತೊಂಬತ್ತರ ಮೇಲೆ. ಸ್ಟೀಮ್‌ನಲ್ಲಿ ಕೊಂಡು ಹದಿನಾಲ್ಕು ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸ್ಸು. ಆ ಧೈರ್ಯದ ಮೇಲೆ ಕೊಂಡೆ. ಒಬ್ಬರಾದ ಮೇಲೊಬ್ಬರು ಏಟು ಹಾಕುವ ಸರದಿಯ ಹೊಡೆದಾಟವಾದರೂ ವೈರಿಯ ಕತ್ತಿ ತಾಗುವ ಗಳಿಗೆಗೆ ಸರಿಯಾಗಿ ಗುಂಡಿ ಒತ್ತಿ ತಡೆಯಬೇಕು, ಅದೇ ಅದರ ಜೀವ. ನನ್ನ ಲ್ಯಾಪ್‌ಟಾಪ್ ಸೆಕೆಂಡಿಗೆ ಬೇಕಾದಷ್ಟು ಚಿತ್ರಗಳನ್ನು ಓಡಿಸಲಾರದೆ ಏದುಸಿರು ಬಿಡುತ್ತಿತ್ತು. ಕತ್ತಿ ಮೇಲೆದ್ದದ್ದು ಕಾಣುತ್ತದೆ, ಬೆರಳು ಸಿದ್ಧವಾಗುತ್ತದೆ, ಮುಂದಿನ ಚಿತ್ರದಲ್ಲಿ ನನ್ನವನು ಆಗಲೇ ನೆಲದ ಮೇಲೆ. ನಡುವೆ ಏನಾಯಿತೋ ದೇವರಿಗೇ ಗೊತ್ತು. ಫ್ಯಾನು ಹಿಟ್ಟಿನ ಗಿರಣಿಯಂತೆ ಮೊರೆಯುತ್ತಿತ್ತು, ಮಡದಿ ಒಳಗಿನಿಂದ ಎರಡು ಸಲ ಕೆಮ್ಮಿದಳು. ಒಂದು ಗಂಟೆ ಐವತ್ತೆರಡು ನಿಮಿಷಕ್ಕೆ ಮುಚ್ಚಿ, ದುಡ್ಡು ವಾಪಸ್ಸು ಕೇಳಿದೆ, ಬಂತು. ಮುಂದಿನ ಭಾನುವಾರ ಅದೇ ಗೆಳೆಯನ ಮನೆಯಲ್ಲಿ ಅದೇ ವೈರಿಯ ಐದು ಏಟುಗಳನ್ನು ಸಾಲಾಗಿ ತಡೆದೆ. ಆಟದ ತಪ್ಪೇನೂ ಇರಲಿಲ್ಲ. ಡೈರಿಯಲ್ಲಿ ಆ ಆಟದ ಮುಂದೆ ಎರಡು ಸಾಲುಗಳಿವೆ, ಎರಡಕ್ಕೂ ಒಂದಕ್ಕೊಂದು ಸಂಬಂಧವಿಲ್ಲ.

"ಹಾಗಾದರೆ ಕೊಳ್ಳುವ ಮುಂಚೆ ಯಾವುದನ್ನು ನೋಡುವುದು ಮಾವ?" ಎಂದು ಹುಡುಗ ಕೇಳಿದ. ನನ್ನ ಕ್ರಮ ಹೇಳಿದೆ. ಮೊದಲು ಸ್ಟೀಮ್‌ಗೆ ಹೋಗಿ, ನಮ್ಮಂಥ ಯಂತ್ರ ಇರುವವರ ಕೆಳಮುಖ ಹೆಬ್ಬೆರಳುಗಳನ್ನು ಹತ್ತಾದರೂ ಓದು, ಅದರಲ್ಲೂ ಕಳೆದ ಒಂದು ತಿಂಗಳಿನವು. ಆಮೇಲೆ ಓಪನ್‌ಕ್ರಿಟಿಕ್‌ನ ಶೇಕಡಾವಾರು. ವಿಮರ್ಶಕರಲ್ಲಿ ನಿನ್ನ ರುಚಿಗೂ ಅವರ ರುಚಿಗೂ ಹೊಂದುವ ಒಬ್ಬಿಬ್ಬರನ್ನು ಗುರುತು ಹಾಕಿಕೊಂಡು ಅವರದನ್ನು ಪೂರ್ತಿ ಓದು, ಅಂಕದ ಸಾಲನ್ನು ಕೈಯಿಂದ ಮುಚ್ಚಿಕೊಂಡು. ಮೆಟಾಕ್ರಿಟಿಕ್ ವರ್ಷದ ಕೊನೆಯಲ್ಲಿ, ಯಾವುದಾದರೂ ಒಳ್ಳೆಯ ಆಟದ ಹೆಸರು ಕಣ್ತಪ್ಪಿತೇ ಎಂದು ನೋಡಲು ಸಾಕು.

ಅವನು ತಲೆಯಾಡಿಸಿದ. ಎರಡು ನಿಮಿಷದ ನಂತರ ಮೊಬೈಲ್ ನನ್ನ ಮುಖದ ಮುಂದೆ ಹಿಡಿದು, "ಇದಕ್ಕೆ 91 ಬಂದಿದೆ, ಕೊಳ್ಳೋಣವೇ?" ಎಂದ.

ಕಳೆದ ತಿಂಗಳು ನಾನೂ ಸ್ಟೀಮ್‌ನಲ್ಲಿ ಒಂದು ವಿಮರ್ಶೆ ಬರೆದೆ, ಮೂರೇ ಸಾಲು: ನನ್ನ ಕಾರ್ಡು ಇಂಥದು, ಇಷ್ಟು ಗಂಟೆ ಆಡಿದೆ, ಇಂಥ ಸೆಟ್ಟಿಂಗಿನಲ್ಲಿ ಓಡುತ್ತದೆ, ಮಳೆ ಬರುವ ದೃಶ್ಯದಲ್ಲಿ ಮಾತ್ರ ಬಾಗಿಲ ಕಡೆ ತಿರುಗಿ ನಿಲ್ಲಿ. ಹನ್ನೊಂದು ಜನಕ್ಕೆ ಅದು ಉಪಯುಕ್ತ ಅನಿಸಿದೆ. ಇಬ್ಬರು ತಮಾಷೆಯಾಗಿದೆ ಎಂದು ಗುರುತು ಹಾಕಿದ್ದಾರೆ. ಅದರಲ್ಲಿ ತಮಾಷೆ ಎಲ್ಲಿ ಕಂಡಿತು ಎಂದು ಇನ್ನೂ ಯೋಚಿಸುತ್ತಿದ್ದೇನೆ.